ಒಣಕಸ ಕೇಂದ್ರ ದೊಡ್ಡದಾಗಲಿ, ಕಸದ ರಾಶಿಯಲ್ಲ

ಕೆಲವು ತಿಂಗಳಿಂದ ಬೆಂಗಳೂರಿನ ಓದುಗರು ನನ್ನನ್ನು ಪದೇ ಪದೇ ಕೇಳುತ್ತಿರುವ ಪ್ರಶ್ನೆ ಒಂದೇ. ಬಡಾವಣೆಯ ಹೆಸರು ಮಾತ್ರ ಬೇರೆ ಬೇರೆ. "ನಮ್ಮ ವಾರ್ಡಿನ ಒಣಕಸ ಕೇಂದ್ರವನ್ನು ದೊಡ್ಡದು ಮಾಡುತ್ತಾರಂತೆ. ಅದರ ಪಕ್ಕದಲ್ಲೇ ಕಸ ವರ್ಗಾವಣೆ ಕೇಂದ್ರವನ್ನೂ ತರುತ್ತಾರಂತೆ. ಇದನ್ನು ತಡೆಯುವುದು ಹೇಗೆ, ಯಾರಿಗೆ ಅರ್ಜಿ ಕೊಡಬೇಕು?" ಕೇಳುವವರು ಮನೆಯಲ್ಲಿ ಹಸಿಕಸ, ಒಣಕಸ ಬೇರೆ ಮಾಡಿ ಕೊಡುವ ಶಿಸ್ತಿನ ಜನ. ಅವರ ಆತಂಕ ಸುಳ್ಳಲ್ಲ. ಆದರೂ ತಡೆಯಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಬೇಡ ಎಂದು ಬರೆಯುವ ಬದಲು ಷರತ್ತು ಹಾಕಿ ಒಪ್ಪಿಕೊಳ್ಳಿ, ಹಾಕಿದ ಷರತ್ತನ್ನು ಬಿಡಬೇಡಿ. ಹೀಗೆ ಯಾಕೆ ಹೇಳುತ್ತೇನೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಇಲ್ಲಿ ಇರುವುದು ಎರಡು ಬೇರೆ ಬೇರೆ ಕೆಲಸದ ಜಾಗ. ಒಣಕಸ ಕೇಂದ್ರಕ್ಕೆ ಬರುವುದು ಕಾಗದ, ರಟ್ಟು, ಪ್ಲಾಸ್ಟಿಕ್, ಗಾಜು, ಲೋಹ. ಅಲ್ಲಿ ಅದನ್ನು ಬಗೆಬಗೆಯಾಗಿ ಆರಿಸಿ, ಮೂಟೆ ಕಟ್ಟಿ, ಮಾರಾಟಕ್ಕೆ ಕಳಿಸುತ್ತಾರೆ. ವರ್ಗಾವಣೆ ಕೇಂದ್ರದಲ್ಲಿ ಆರಿಸುವ ಕೆಲಸ ಇಲ್ಲ. ಮನೆಮನೆಯಿಂದ ಕಸ ತಂದ ಆಟೊ ಟಿಪ್ಪರ್‌ಗಳು ಅಲ್ಲಿ ದೊಡ್ಡ ಗಾಡಿಗೆ ಕಸ ದಾಟಿಸುತ್ತವೆ, ದೊಡ್ಡ ಗಾಡಿ ಅದನ್ನು ಊರ ಹೊರಗಿನ ಘಟಕಕ್ಕೆ ಒಯ್ಯುತ್ತದೆ. ಒಂದು ಆಟೊ ಟಿಪ್ಪರ್ ಹೊರುವುದು ಅರ್ಧ ಟನ್ನಿನ ಆಸುಪಾಸು. ಅಷ್ಟನ್ನೇ ಹೊತ್ತುಕೊಂಡು ಅದು ಮೂವತ್ತು ಕಿಲೋಮೀಟರ್ ಓಡಿದರೆ ಡೀಸೆಲ್ಲೂ ದಂಡ, ಮರುದಿನ ಬೆಳಿಗ್ಗೆ ನಿಮ್ಮ ಬೀದಿಗೆ ಅದು ಹೊತ್ತಿಗೆ ಬರುವುದೂ ಇಲ್ಲ. ಹಾಗಾಗಿ ಎಲ್ಲೋ ಒಂದು ಕಡೆ ಕಸ ಗಾಡಿ ಬದಲಿಸಲೇಬೇಕು.

ಈಗ ಆ ಕೆಲಸ ಎಲ್ಲಿ ನಡೆಯುತ್ತಿದೆ? ನಡುಬೀದಿಯಲ್ಲಿ. ನಮ್ಮ ಮನೆಗೆ ಹತ್ತಿರದ ಒಂದು ಮೈದಾನದ ಕಾಂಪೌಂಡಿಗೆ ಒತ್ತಿಕೊಂಡು ಬೆಳಿಗ್ಗೆ ಕಾಂಪ್ಯಾಕ್ಟರ್ ಲಾರಿ ನಿಲ್ಲುತ್ತದೆ. ಏಳೆಂಟು ಟಿಪ್ಪರ್‌ಗಳು ಸಾಲುಗಟ್ಟಿ, ಒಂದೊಂದಾಗಿ ಹಿಂದೆ ಬಂದು ಕಸ ಸುರಿಯುತ್ತವೆ. ಲಾರಿ ಅದನ್ನು ಒತ್ತುವಾಗ ಅನ್ನ, ಸಾರು, ಹಣ್ಣಿನ ಸಿಪ್ಪೆಯ ನೀರೆಲ್ಲ ಸೇರಿದ ಕಪ್ಪು ಕೊಳೆನೀರು ಟಾರಿನ ಮೇಲೆ ಹರಿದು ಚರಂಡಿಯವರೆಗೆ ಹೋಗುತ್ತದೆ. ಅದರ ಮೇಲೆ ಸ್ಕೂಟರಿನ ಚಕ್ರ ಜಾರುತ್ತದೆ. ಶಾಲೆಗೆ ಹೋಗುವ ಮಕ್ಕಳು ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಪೌರಕಾರ್ಮಿಕರು ಬರಿಗೈಯಲ್ಲಿ ಬಿದ್ದದ್ದನ್ನು ಎತ್ತಿ ಲಾರಿಗೆ ಹಾಕುತ್ತಾರೆ. ವರ್ಗಾವಣೆ ಕೇಂದ್ರ ಬೇಡ ಎನ್ನುವ ಹೆಚ್ಚಿನ ಬಡಾವಣೆಗಳಲ್ಲಿ ಈಗಾಗಲೇ ಒಂದು ವರ್ಗಾವಣೆ ಕೇಂದ್ರ ಇದೆ. ಅದಕ್ಕೆ ಸೂರಿಲ್ಲ, ನೆಲವಿಲ್ಲ, ಗೇಟಿಲ್ಲ ಅಷ್ಟೆ.

ಸರಿಯಾಗಿ ಕಟ್ಟಿದ ಕೇಂದ್ರದಲ್ಲಿ ಹೀಗಾಗುವುದಿಲ್ಲ. ಟಿಪ್ಪರ್ ಇಳಿಜಾರು ಹತ್ತಿ ಮೇಲಿನ ಕಟ್ಟೆಯಿಂದ ಕಸ ಸುರಿಯುತ್ತದೆ. ಕೆಳಗೆ ಮುಚ್ಚಿದ ಕಂಟೇನರ್, ಅದರೊಳಗೆ ಕಸ ಒತ್ತುವ ಯಂತ್ರ. ಹೊರಬಂದ ಕೊಳೆನೀರು ನೆಲದಡಿಯ ತೊಟ್ಟಿಗೆ ಇಳಿಯುತ್ತದೆ, ಅಲ್ಲಿಂದ ಟ್ಯಾಂಕರಿನಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ತುಂಬಿದ ಕಂಟೇನರನ್ನು ಕೊಕ್ಕೆ ಇರುವ ಲಾರಿ ಎಳೆದು ಹೊತ್ತುಕೊಂಡು ಹೊರಡುತ್ತದೆ. ವರ್ಗಾವಣೆ ಕೇಂದ್ರದಿಂದ ಕಸ ಮುಚ್ಚಿದ ವಾಹನದಲ್ಲೋ ಕಂಟೇನರಿನಲ್ಲೋ ಹೋಗಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳೇ ಹೇಳಿದ್ದವು. ಬಯಲಿನಲ್ಲಿ ರಾಶಿ ಹಾಕಿ ಜೆಸಿಬಿಯಿಂದ ಲಾರಿಗೆ ತುಂಬುವ ಜಾಗವನ್ನು ವರ್ಗಾವಣೆ ಕೇಂದ್ರ ಎಂದು ಯಾರಾದರೂ ಕರೆದರೆ ಒಪ್ಪಬೇಡಿ.

"ಊರ ಹೊರಗೆ ಮಾಡಿಕೊಳ್ಳಲಿ" ಎನ್ನುವವರಿಗೆ ಮಾವಳ್ಳಿಪುರ, ಮಂಡೂರುಗಳನ್ನು ನೆನಪಿಸಬೇಕು. ವರ್ಷಗಟ್ಟಲೆ ಈ ನಗರ ವಿಂಗಡಿಸದ ಕಸವನ್ನು ಲಾರಿಗೆ ತುಂಬಿ ಆ ಊರುಗಳಿಗೆ ಕಳಿಸಿತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆಯಿತು. ಆ ಭಾರವೆಲ್ಲ ಹಳೆ ಮದರಾಸು ರಸ್ತೆಯಾಚೆಯ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ಜನ ಕಸದ ಲಾರಿಗಳಿಗೆ ಅಡ್ಡ ನಿಂತು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ಅವರ ಬಾವಿಯ ನೀರು, ಅವರ ಮಕ್ಕಳ ಆರೋಗ್ಯ ಯಾವುದೂ ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ, ಕೆಳಗಿನ ಮಂದಾರ ಎಂಬಲ್ಲಿನ ತೋಟ, ಮನೆಗಳ ಮೇಲೆ ಹರಿಯಿತು. ಅಡಿಕೆ, ತೆಂಗಿನ ಮರಗಳು ಕಸದೊಳಗೆ ಮುಳುಗಿದ ಆ ಚಿತ್ರಗಳನ್ನು ನೋಡಿದವರು ಊರ ಹೊರಗೆ ಎಂಬ ಮಾತನ್ನು ಸುಲಭವಾಗಿ ಆಡಲಾರರು. ಊರ ಹೊರಗೆ ಅಂದರೂ ಅದು ಇನ್ನೊಬ್ಬರ ಊರೇ.

ಮಾವಳ್ಳಿಪುರ, ಮಂಡೂರಿನ ಆ ಬಿಕ್ಕಟ್ಟಿನ ಕಾಲದಲ್ಲೇ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆ ನಡೆದು, ವಾರ್ಡಿಗೊಂದು ಒಣಕಸ ಕೇಂದ್ರ ಎಂಬ ಮಾತು ಗಟ್ಟಿಯಾಯಿತು. 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯೂ ಕೋರ್ಟಿನ ಆದೇಶದಿಂದಲೇ ಬಂತು. ಹಸಿಕಸಕ್ಕೆ ಹಸಿರು ಬುಟ್ಟಿ, ಡಯಾಪರ್ ಮತ್ತು ಪ್ಯಾಡಿಗೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಆಗ ಪಾಲಿಕೆಯಲ್ಲಿ 198 ವಾರ್ಡುಗಳಿದ್ದವು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಒಣಕಸ ಕೇಂದ್ರಗಳ ಶೆಡ್ಡುಗಳಿಗೆ ಜಾಗ ಗುರುತಿಸಿದ್ದು ಆ ಅಳತೆಗೆ. ಈಗ ವಾರ್ಡುಗಳ ಗೆರೆ ಬದಲಾಗಿದೆ, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿದೆ, ಜನರೂ ಹೆಚ್ಚಿದ್ದಾರೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಕಸವೇ ಬದಲಾಗಿದೆ. ಪ್ರತಿ ಮನೆಯ ಬಾಗಿಲಿಗೂ ದಿನ ಬಿಟ್ಟು ದಿನ ರಟ್ಟಿನ ಪೆಟ್ಟಿಗೆ ಬರುತ್ತದೆ, ಹೋಟೆಲಿನ ಊಟ ಕಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಹಳೆಯ ಶೆಡ್ಡುಗಳು ಸಾಲದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಬರಹಕ್ಕೆ ಮುಂಚೆ ನಗರದ ದಕ್ಷಿಣ ಭಾಗದ ಒಂದು ಒಣಕಸ ಕೇಂದ್ರದಲ್ಲಿ ಅರ್ಧ ದಿನ ಕಳೆದೆ. ತಗಡಿನ ಶೆಡ್ಡು, ಸಿಮೆಂಟ್ ನೆಲ, ಮಧ್ಯದಲ್ಲಿ ಸೊಂಟದೆತ್ತರದ ಕಬ್ಬಿಣದ ಮೇಜು. ಮೇಜಿನ ಸುತ್ತ ಐದಾರು ಹೆಂಗಸರು. ಒಬ್ಬಾಕೆ ಮೂಟೆ ಬಿಚ್ಚಿ ಸುರಿಯುತ್ತಾಳೆ, ಉಳಿದವರ ಕೈ ನೋಡುನೋಡುತ್ತಿದ್ದಂತೆ ಓಡುತ್ತದೆ. ಹಾಲಿನ ಕವರ್ ಒಂದು ಚೀಲಕ್ಕೆ, ನೀರಿನ ಬಾಟಲಿ ಇನ್ನೊಂದಕ್ಕೆ, ಶಾಂಪೂ ಡಬ್ಬಿ ಮತ್ತೊಂದಕ್ಕೆ. ಬಾಟಲಿಯ ಮುಚ್ಚಳ ಬೇರೆ, ಅದರ ಮೇಲಿನ ಹೆಸರಿನ ಪಟ್ಟಿ ಬೇರೆ. ಪ್ಲಾಸ್ಟಿಕ್ ಯಾವುದೆಂದು ಗೊತ್ತಾಗದಿದ್ದರೆ ಅದನ್ನು ಬಗ್ಗಿಸಿ ನೋಡುತ್ತಾರೆ. ಬಾಗಿದರೆ ಒಂದು ಜಾತಿ, ಪಟ್ಟನೆ ಮುರಿದರೆ ಇನ್ನೊಂದು. ಮುರಿಯುವುದಕ್ಕೆ ಅವರು 'ಕಡಕ್' ಎನ್ನುತ್ತಾರೆ. ರಟ್ಟು, ಪುಸ್ತಕದ ಹಾಳೆ, ದಿನಪತ್ರಿಕೆ ಮೂರಕ್ಕೂ ಗುಜರಿಯಲ್ಲಿ ಮೂರು ಬೆಲೆ. ನಾನು ಒಂದೇ ಕಸ ಎಂದು ನೋಡುತ್ತಿದ್ದ ರಾಶಿ ಅವರ ಕೈಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಲಾಗಿ ಬೇರೆಯಾಗುತ್ತಿತ್ತು.

ಶೆಡ್ಡಿನ ಅರ್ಧಭಾಗ ಮಾತ್ರ ಕೆಲಸಕ್ಕೆ ಸಿಗುತ್ತಿತ್ತು. ಉಳಿದರ್ಧದಲ್ಲಿ ತಗಡಿಗೆ ತಾಗುವಷ್ಟು ಎತ್ತರಕ್ಕೆ ಚೀಲಗಳು. ಒಳಗೆ ಏನಿದೆ ಎಂದು ಕೇಳಿದೆ. ಮೇಜಿನ ತುದಿಯಲ್ಲಿದ್ದ ಹಿರಿಯಾಕೆ ಒಂದು ಚಿಪ್ಸ್ ಪ್ಯಾಕೆಟ್ ಎತ್ತಿ ತೋರಿಸಿದರು. "ಇದೇ ಸಾರ್. ಬಾಟ್ಲಿ ಬಂದಂಗೇ ಹೋಗುತ್ತೆ, ರಟ್ಟೂ ಹೋಗುತ್ತೆ. ಇದನ್ನ ಯಾರೂ ತಗಳಲ್ಲ. ಜಾಗ ತಿನ್ನೋದು ಇದೇ." ಅವರ ಆ ಮಾತು ಕೇಳಿದ ಮೇಲೆ ವಿಸ್ತರಣೆಯ ಬಗ್ಗೆ ನನ್ನ ಯೋಚನೆ ಒಂದು ಕಡೆ ನಿಂತಿತು.

ಅದನ್ನು ಹೀಗೆ ಹೇಳಬಹುದು. ಅಧಿಕಾರಿಗಳು ಕೇಂದ್ರದ ಸಾಮರ್ಥ್ಯವನ್ನು ಟನ್ನುಗಳಲ್ಲಿ ಹೇಳುತ್ತಾರೆ. ಆದರೆ ಒಣಕಸದ ತೊಂದರೆ ತೂಕದ್ದಲ್ಲ, ಜಾಗದ್ದು. ಲೀಟರ್ ನೀರಿನ ಖಾಲಿ ಬಾಟಲಿಯ ತೂಕ ಇಪ್ಪತ್ತು ಗ್ರಾಮಿನ ಆಸುಪಾಸು. ಅಂಥವು ಒಂದು ಟನ್ ಆಗಬೇಕಾದರೆ ಐವತ್ತು ಸಾವಿರ ಬಾಟಲಿ ಬೇಕು. ಹಾಗೇ ಬಿಡಿಯಾಗಿ ಸುರಿದರೆ ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲ, ಹತ್ತಡಿ ಎತ್ತರದ ಕೋಣೆ ತುಂಬುತ್ತದೆ. ಅದನ್ನೇ ಯಂತ್ರದಲ್ಲಿ ಒತ್ತಿ ಬೇಲ್ ಕಟ್ಟಿದರೆ ಅದೇ ಕೋಣೆಯ ಒಂದು ಮೂಲೆ ಸಾಕು. ಹಾಗಾಗಿ ಎರಡು ಸಾವಿರ ಚದರಡಿಯ ಶೆಡ್ಡನ್ನು ನಾಲ್ಕು ಸಾವಿರ ಮಾಡುವುದಕ್ಕಿಂತ ಒಂದು ಒಳ್ಳೆಯ ಬೇಲಿಂಗ್ ಯಂತ್ರ, ಅದಕ್ಕೆ ಬೇಕಾದ ಮೂರು ಫೇಸ್ ವಿದ್ಯುತ್ತು, ಹೊತ್ತಿಗೆ ಬಂದು ಮಾಲು ಎತ್ತುವ ಲಾರಿ ಇವು ಹೆಚ್ಚು ಕೆಲಸ ಮಾಡುತ್ತವೆ. ಕೇಂದ್ರ ದೊಡ್ಡದಾಯಿತೋ ಇಲ್ಲವೋ ಎಂಬುದನ್ನು ಒಳಗೆ ಎಷ್ಟು ಹಿಡಿಯುತ್ತದೆ ಎಂದು ನೋಡಿ ಹೇಳಬಾರದು. ವಾರಕ್ಕೆ ಎಷ್ಟು ಹೊರಗೆ ಹೋಗುತ್ತದೆ ಎಂದು ನೋಡಿ ಹೇಳಬೇಕು. ಹೊರದಾರಿ ಇಲ್ಲದ ಕೇಂದ್ರಕ್ಕೆ ಎಷ್ಟು ಜಾಗ ಕೊಟ್ಟರೂ ಕೆಲವೇ ತಿಂಗಳಲ್ಲಿ ತುಂಬಿಕೊಳ್ಳುತ್ತದೆ.

ಹೊರದಾರಿ ಕಷ್ಟವಾಗಿರುವುದು ಆ ಚಿಪ್ಸ್ ಪ್ಯಾಕೆಟ್ಟಿನಂಥ ಮಾಲಿಗೆ. ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ ಅದನ್ನು ಮತ್ತೆ ಬಿಡಿಸುವುದು ದುಬಾರಿ. ಗುಜರಿಯವನಿಗೆ ಅದು ಬೇಡ. ಹಳೆಯ ಚಪ್ಪಲಿ, ಹರಿದ ಬಟ್ಟೆ, ಥರ್ಮೊಕೋಲ್ ಇವುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಇಂಥ ಕಸಕ್ಕೆ ಸದ್ಯ ಇರುವ ದಾರಿ ಸಿಮೆಂಟ್ ಕಾರ್ಖಾನೆ. 1,400 ಡಿಗ್ರಿ ಸೆಲ್ಸಿಯಸ್ ದಾಟುವ ಅಲ್ಲಿನ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಇದನ್ನೂ ಉರಿಸುತ್ತಾರೆ. ಕೆ.ಜಿ.ಗೆ 1,500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವ ಕಸವನ್ನು ನೆಲದಲ್ಲಿ ಹೂಳುವಂತಿಲ್ಲ ಎಂದು 2016ರ ನಿಯಮಗಳು ಸ್ಪಷ್ಟವಾಗಿ ಹೇಳಿದ್ದವು. ಆದರೆ ಬೆಂಗಳೂರಿನಿಂದ ಕಲಬುರಗಿ ಜಿಲ್ಲೆಯ ಸಿಮೆಂಟ್ ಗೂಡಿನವರೆಗೆ ಹಗುರವಾದ ಈ ಮಾಲನ್ನು ಲಾರಿಯಲ್ಲಿ ಒಯ್ಯುವ ಬಾಡಿಗೆ ಯಾರು ಕೊಡಬೇಕು? ಬಾಟಲಿ ಮಾರಿ ನಾಲ್ಕು ಕಾಸು ಕಾಣುವ ಕೇಂದ್ರದವರಿಂದ ಅದು ಆಗದು. ಪ್ಯಾಕೆಟ್ ಮಾಡಿ ಮಾರಿದ ಕಂಪನಿಗಳು ಅದನ್ನು ಹಿಂದೆ ಪಡೆಯುವ ಹೊಣೆ ಹೊರಬೇಕು ಎಂದು ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲೇ ಇದೆ. ಆ ಹಣ ವಾರ್ಡಿನ ಶೆಡ್ಡಿನವರೆಗೂ ಇಳಿದು ಬರುವಂತೆ ಮಾಡುವುದು ಸರ್ಕಾರದ ಕೆಲಸ. ಕಟ್ಟಡಕ್ಕೆ ಟೆಂಡರ್ ಕರೆಯುವ ಮೊದಲು ಈ ಬಾಡಿಗೆಯ ಲೆಕ್ಕ ಬರೆದು ತೋರಿಸಲಿ ಎಂಬುದು ನನ್ನ ಒತ್ತಾಯ.

ವಾಸನೆಯ ಮಾತಿಗೆ ಬರೋಣ, ಏಕೆಂದರೆ ಜನರ ಭಯವೆಲ್ಲ ಅಲ್ಲೇ ಇದೆ. ಒಣಗಿದ ರಟ್ಟು ನಾರುವುದಿಲ್ಲ, ತೊಳೆದ ಹಾಲಿನ ಕವರ್ ನಾರುವುದಿಲ್ಲ. ಅನ್ನ ಅಂಟಿದ ಡಬ್ಬಿ, ಕಟ್ಟಿ ಎಸೆದ ಡಯಾಪರ್ ಒಂದೆರಡು ಬಂದು ಸೇರಿದರೆ ಇಡೀ ಮೂಟೆ ನಾರುತ್ತದೆ, ಹುಳ ಬೀಳುತ್ತದೆ, ಮಾರಾಟವಾಗಬೇಕಿದ್ದ ಕಾಗದ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಒಣಕಸ ಕೇಂದ್ರವನ್ನೂ ವರ್ಗಾವಣೆ ಕೇಂದ್ರವನ್ನೂ ಒಂದೇ ಸೂರಿನಡಿ, ಒಂದೇ ಅಂಗಳದಲ್ಲಿ ಕೂಡಿಸುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಜಾಗದ ಉಳಿತಾಯದ ನೆಪದಲ್ಲಿ ಹಾಗೆ ಮಾಡಿದರೆ ಹಸಿಕಸದ ನೀರು ಒಣಕಸದ ನೆಲಕ್ಕೆ ಬರುತ್ತದೆ, ಕೊನೆಗೆ ಎರಡೂ ಸೇರಿ ಒಂದು ತಿಪ್ಪೆಯಾಗುತ್ತದೆ. ನಡುವೆ ಗೋಡೆ ಇರಲಿ, ಗೇಟು ಬೇರೆ ಇರಲಿ, ಚರಂಡಿ ಬೇರೆ ಇರಲಿ. ಹಸಿಕಸ ಒಂದು ರಾತ್ರಿಯೂ ಅಲ್ಲಿ ತಂಗದಿರಲಿ.

ವಾಸನೆಗಿಂತ ದೊಡ್ಡ ಅಪಾಯ ಬೆಂಕಿ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ರಾಶಿಗೆ ಹತ್ತಿದ ಬೆಂಕಿ ಹತ್ತು ದಿನ ಕಳೆದರೂ ಪೂರ್ತಿ ಆರಲಿಲ್ಲ, ನಗರದ ತುಂಬ ಹೊಗೆ ಕವಿದು ಶಾಲೆಗಳಿಗೆ ರಜೆ ಕೊಡಬೇಕಾಯಿತು. ವಾರ್ಡಿನ ಶೆಡ್ಡು ಅಷ್ಟು ದೊಡ್ಡದಲ್ಲ, ನಿಜ. ಆದರೆ ತಗಡಿಗೆ ತಾಗುವಷ್ಟು ಪ್ಲಾಸ್ಟಿಕ್ ಪೇರಿಸಿದ ಶೆಡ್ಡಿನ ಪಕ್ಕದಲ್ಲಿ ಮನೆಗಳಿದ್ದಾಗ ನೀರಿನ ತೊಟ್ಟಿ, ಬೆಂಕಿ ಆರಿಸುವ ಪೈಪು, ಅಗ್ನಿಶಾಮಕ ವಾಹನ ಒಳಬರುವಷ್ಟು ಅಗಲದ ದಾರಿ ಇಲ್ಲದೆ ವಿಸ್ತರಣೆಯ ಮಾತೇ ಸಲ್ಲದು.

ಎಲ್ಲ ಶೆಡ್ಡುಗಳನ್ನೂ ದೊಡ್ಡದು ಮಾಡಬೇಕೆಂದೇನೂ ಇಲ್ಲ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿಭಾಯಿಸುವ ಘಟಕ ಕಟ್ಟಿದ್ದಾರೆ. ಸುತ್ತಲಿನ ಹತ್ತಾರು ಗ್ರಾಮ ಪಂಚಾಯಿತಿಗಳ ಒಣಕಸ ಅಲ್ಲಿಗೆ ಬರುತ್ತದೆ. ಸಣ್ಣ ಊರಿನ ಶೆಡ್ಡಿನಲ್ಲಿ ಮೊದಲ ಹಂತದ ವಿಂಗಡಣೆ, ದೊಡ್ಡ ಘಟಕದಲ್ಲಿ ಬೆಲ್ಟಿನ ಮೇಲೆ ಸೂಕ್ಷ್ಮ ವಿಂಗಡಣೆ ಮತ್ತು ಬೇಲಿಂಗ್. ಮಾಲು ಒಟ್ಟಿಗೆ ಸೇರಿದರೆ ದೊಡ್ಡ ಖರೀದಿದಾರರು ನೇರವಾಗಿ ಬರುತ್ತಾರೆ, ಬೆಲೆಯೂ ಕುದುರುತ್ತದೆ. ಹಳ್ಳಿಗಳು ಕೂಡಿ ಮಾಡಿದ್ದನ್ನು ಬೆಂಗಳೂರಿನ ಹತ್ತು ವಾರ್ಡುಗಳು ಕೂಡಿ ಮಾಡಲಾರವೇ? ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಜನರ ಮನೆಗಳ ನಡುವೆಯೇ ಶೂನ್ಯ ತ್ಯಾಜ್ಯ ಘಟಕ ವರ್ಷಗಳಿಂದ ನಡೆದುಬಂದಿದೆ. ಕಸದ ಕೇಂದ್ರದ ಜೊತೆ ಬಾಳುವುದು ಸಾಧ್ಯವೇ ಇಲ್ಲ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ.

ಇಷ್ಟು ಹೇಳಿದ ಮೇಲೂ ವಿರೋಧಿಸುವವರ ಬಗ್ಗೆ ನನಗೆ ಅಗೌರವ ಇಲ್ಲ. ಅವರಿಗೆ ಅನುಭವ ಕಲಿಸಿದ ಪಾಠ ಬೇರೆ. ಎಚ್‌ಎಸ್‌ಆರ್ ಬಡಾವಣೆಯ ಪಕ್ಕದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾದದ್ದು 1975ರಲ್ಲಿ. ಸುತ್ತ ಹೊಲಗಳಿದ್ದ ಕಾಲ ಅದು. ಆಮೇಲೆ ಮನೆಗಳು ಅದರ ಗೋಡೆಯವರೆಗೆ ಬಂದವು, ವಿಂಗಡಿಸದ ಕಸವೂ ತಾಳಿಕೆ ಮೀರಿ ಬಂತು. ಅಲ್ಲಿಯ ಜನ ರಾತ್ರಿ ಕಿಟಕಿ ತೆರೆಯಲಾಗದೆ ವರ್ಷಗಟ್ಟಲೆ ದೂರು ಕೊಟ್ಟರು. ಲಿಂಗಧೀರನಹಳ್ಳಿಯಲ್ಲಿ ಬಡಾವಣೆಯ ಮನೆಗಳ ಮಗ್ಗುಲಲ್ಲೇ ಹಸಿಕಸ ಘಟಕ ಬಂದು, ಜನ ಹೋರಾಡಿ ಅದನ್ನು ಮುಚ್ಚಿಸಬೇಕಾಯಿತು. ಆ ಜನರದ್ದು ಸ್ವಾರ್ಥವಾಗಿರಲಿಲ್ಲ. ಉದ್ಘಾಟನೆಯ ದಿನ ಕೊಟ್ಟ ಮಾತನ್ನು ಮುಂದೆ ಯಾರೂ ಉಳಿಸಿಕೊಳ್ಳದಿದ್ದಾಗ ನಂಬಿಕೆ ಹೋಗುತ್ತದೆ. ಕಟ್ಟುವಾಗ ಹಣ ಇರುತ್ತದೆ, ನಡೆಸುವಾಗ ಇರುವುದಿಲ್ಲ. ವಾಸನೆ ತಡೆಯುವ ಯಂತ್ರ ಕೆಟ್ಟು ನಿಂತರೆ ರಿಪೇರಿಗೆ ಅನುಮತಿ ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಹಾಗಾಗಿ ವಿಸ್ತರಣೆಯ ಅಂದಾಜುಪಟ್ಟಿಯಲ್ಲಿ ಕಟ್ಟಡದ ಖರ್ಚಿನಷ್ಟೇ ಸ್ಪಷ್ಟವಾಗಿ ನಿರ್ವಹಣೆಯ ಖರ್ಚೂ ಇರಬೇಕು. 2025ರ ಏಪ್ರಿಲ್‌ನಿಂದ ಬೆಂಗಳೂರಿನವರು ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದಾರೆ. ಆ ಹಣದಲ್ಲಿ ನಿಮ್ಮ ವಾರ್ಡಿನ ಕೇಂದ್ರಕ್ಕೆ ಎಷ್ಟು ಬಂತು ಎಂದು ಕೇಳುವ ಹಕ್ಕು ನಿಮಗಿದೆ.

ಮೇಜಿನ ಸುತ್ತ ನಿಂತ ಆ ಹೆಂಗಸರನ್ನು ಯಾವ ನಕ್ಷೆಯಲ್ಲೂ ನಾನು ಕಂಡಿಲ್ಲ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿದ್ದು 2011ರಲ್ಲಿ. ಆಮೇಲೆ ಹಸಿರು ದಳದಂಥ ಸಂಸ್ಥೆಗಳ ಬೆಂಬಲದಿಂದ ಅವರಲ್ಲಿ ಹಲವರು ಒಣಕಸ ಕೇಂದ್ರಗಳನ್ನು ತಾವೇ ನಡೆಸುವ ಮಟ್ಟಕ್ಕೆ ಬಂದರು. ಬೀದಿಯಲ್ಲಿ ಚೀಲ ಹೊತ್ತು ಅಲೆಯುತ್ತಿದ್ದವರು ಲೆಕ್ಕದ ಪುಸ್ತಕ ಬರೆಯುವಂತಾದದ್ದು ಈ ನಗರ ಹೆಮ್ಮೆಪಡಬೇಕಾದ ಸಂಗತಿ. ಕೇಂದ್ರ ದೊಡ್ಡದಾಗಿ ಯಂತ್ರ ಬಂದಾಗ ಅದರ ಜೊತೆ ದೊಡ್ಡ ಗುತ್ತಿಗೆದಾರನೂ ಬಂದು ಇವರನ್ನು ಹೊರಗೆ ಕಳಿಸಿದರೆ, ಇಷ್ಟು ವರ್ಷ ಅವರ ಕೈಗಳಲ್ಲಿ ಬೆಳೆದ ತಿಳಿವಳಿಕೆಯೂ ಹೊರಗೆ ಹೋಗುತ್ತದೆ. ನಾನು ಹೋಗಿದ್ದ ಕೇಂದ್ರದಲ್ಲಿ ಅವರಿಗೆ ಶೌಚಾಲಯ ಇರಲಿಲ್ಲ. ಊಟದ ಡಬ್ಬಿ ಬಿಚ್ಚಲು ಅದೇ ಮೇಜಿನ ಒಂದು ತುದಿ. ಒಬ್ಬಾಕೆಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಯಾರೋ ಮನೆಯವರು ಬ್ಲೇಡನ್ನು ಕಾಗದದಲ್ಲಿ ಸುತ್ತದೆ ಹಾಗೇ ಹಾಕಿದ್ದರು.

ನಿಮ್ಮ ವಾರ್ಡಿನಲ್ಲಿ ಈ ಬಗ್ಗೆ ಸಭೆ ಕರೆದರೆ ದಯವಿಟ್ಟು ಹೋಗಿ. ಬೇಡ ಎಂಬ ಮನವಿಗೆ ಸಹಿ ಸಂಗ್ರಹಿಸುವ ಮೊದಲು ನಕ್ಷೆ ತರಿಸಿ ನೋಡಿ. ಹಸಿಕಸ ಮತ್ತು ಒಣಕಸದ ನಡುವೆ ಗೋಡೆ ಎಲ್ಲಿದೆ, ಕೊಳೆನೀರು ಎಲ್ಲಿಗೆ ಹೋಗುತ್ತದೆ, ಕೊನೆಯ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ, ಮಾರಾಟವಾಗದ ಪ್ಲಾಸ್ಟಿಕ್ಕನ್ನು ಯಾರು ಯಾವ ಹಣದಲ್ಲಿ ಒಯ್ಯುತ್ತಾರೆ, ಈಗಿನ ಕೆಲಸಗಾರರು ಮುಂದೆಯೂ ಇರುತ್ತಾರೆಯೇ ಎಂದು ಕೇಳಿ. ಉತ್ತರಗಳನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ಪಡೆಯಿರಿ. ಉತ್ತರ ಸಿಗದಿದ್ದರೆ ವಿರೋಧಿಸಿ, ನಾನೂ ನಿಮ್ಮ ಜೊತೆ ಬರೆಯುತ್ತೇನೆ. ಸಿಕ್ಕಿದರೆ ಜಾಗ ಕೊಡಿ. ಮತ್ತು ನಾಳೆ ಬೆಳಿಗ್ಗೆ ಬ್ಲೇಡು, ಒಡೆದ ಗಾಜು ಹಾಕುವಾಗ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡಿ.